ಎಂಜಲು

ಜನವರಿ ಎರಡನೇ ವಾರಕ್ಕೆ ಶುರು,
ಗ್ರಿಮ್ಸ್‌ಬಿಯ ನಮ್ಮ ಅಂಚೆ ಕೌಂಟರಿಗೆ ಸಣ್ಣ ಬಿಳಿ ಪೆಟ್ಟಿಗೆಗಳು.
ಕ್ರಿಸ್‌ಮಸ್ಸಿಗೆ ಮೊಮ್ಮಕ್ಕಳು ಕೊಟ್ಟ ಉಡುಗೊರೆ.
ಅರ್ಧ ಗಂಟೆ ಚಹಾ ಕುಡಿಯದೆ, ಸಿಗರೇಟು ಸೇದದೆ,
ಕೊಳವೆಯ ಗೆರೆ ಮುಟ್ಟುವ ತನಕ ಉಗುಳಿ, ಮುಚ್ಚಳ ತಿರುವಿ
ತಂದಿರುತ್ತಾರೆ.
‘ಬೆಲೆಬಾಳುವಂಥದ್ದೇನಾದರೂ ಇದೆಯೇ ಒಳಗೆ?’
ಕೇಳಲೇಬೇಕು, ನಿಯಮ.
‘ಏನೂ ಇಲ್ಲಮ್ಮ, ಬರೀ ಜೊಲ್ಲು.’
ಠಪ್ಪೆಂದು ಮುದ್ರೆ ಒತ್ತುತ್ತೇನೆ.

ಎಂಜಲು ಕೈಯಲ್ಲಿ ಕಾಗೆ ಓಡಿಸದ ಮುದುಕರೂ
ಎಂಜಲನ್ನೇ ಕಟ್ಟಿ ಕಳಿಸುವ ಕಾಲ.
ನಮ್ಮಮ್ಮ ನೋಡಿದ್ದರೆ
ತಕ್ಕಡಿಯನ್ನು ಮೂರು ಸಲ ತೊಳೆಸುತ್ತಿದ್ದಳು.

ಈನಿಡ್ ಮತ್ತು ಮ್ಯೂರಿಯಲ್ ಬ್ಲಾಂಚರ್ಡ್, ಎಪ್ಪತ್ತೊಂಬತ್ತು.
ಒಂದೇ ಮೊಟ್ಟೆಯ ಅವಳಿ. ಹದಿನೈದಕ್ಕೇ ಹಡಗುಕಟ್ಟೆಯಲ್ಲಿ
ಎದುರುಬದುರು ಕೂತು ಬಲೆ ಹೆಣೆದವರು.
ಒಂದೇ ದಿನ, ಒಂದೇ ಕಂಪನಿಗೆ, ನನ್ನ ಕೈಯಿಂದಲೇ ಹೋದದ್ದು.
ಈನಿಡ್‌ಗೆ ನಾರ್ವೆ ನೂರಕ್ಕೆ ಹದಿನಾಲ್ಕು ಬಂತು,
ಮ್ಯೂರಿಯಲ್‌ಗೆ ಆರು.
‘ಉಳಿದ ಎಂಟು ಎಲ್ಲಿ ಬಚ್ಚಿಟ್ಟೆ?’ ಎಂದು ಸಾಲಿನಲ್ಲೇ ಜಗಳ.
ಈನಿಡ್ ನಾರ್ವೆಯ ಸ್ವೆಟರು ಕೊಂಡಳು, ಎದೆ ತುಂಬ ಹಿಮಸಾರಂಗ.
ಮರುವರ್ಷ ಕಂಪನಿ ಲೆಕ್ಕ ತಿದ್ದಿತು:
ನಾರ್ವೆ ಸೊನ್ನೆ, ಸ್ಕಾಟ್ಲೆಂಡ್ ಹನ್ನೊಂದು.
ರಕ್ತ ಅದೇ. ಸ್ವೆಟರೂ ಅದೇ, ಈಗಲೂ ಹಾಕುತ್ತಾಳೆ,
ಬೆಚ್ಚಗಿದೆಯಂತೆ.

ನಮ್ಮಲ್ಲಿ ಗೋತ್ರ ಗೊತ್ತಿಲ್ಲದವರಿಗೆಲ್ಲ ಪುರೋಹಿತರು
ಕಾಶ್ಯಪ ಎಂದುಕೊಂಡು ಮಂತ್ರ ಮುಂದುವರಿಸುತ್ತಿದ್ದರು.
ಕಂಪನಿಯದೂ ಅಷ್ಟೇ ಇರಬೇಕು:
ಇವತ್ತು ಬದುಕಿರುವ ಯಾರೋ ಕೆಲವು ಸಾವಿರ ಜನರ ಪಕ್ಕ ನಿಲ್ಲಿಸಿ
ಮೂಗು ಹೋಲುತ್ತದೆ ಎನ್ನುವುದು.

ಹಾಗಂತ ನಗುತ್ತಿದ್ದೆ,
ಕ್ಲಿಫರ್ಡ್ ಟಾಸ್ಕರ್ ಬರುವ ತನಕ.
ಅವನು ಹುಡುಕಿದ್ದು ದೇಶ. ಸಿಕ್ಕಿದ್ದು ತಂಗಿ,
ಫ್ಲೀಟ್‌ವುಡ್ಡಿನಲ್ಲಿ, ಅರವತ್ತೆಂಟು ವರ್ಷದವಳು.
ಟ್ರಾಲರಿನ ಅಪ್ಪ ಎರಡು ಬಂದರಿನಲ್ಲಿ ಲಂಗರು ಹಾಕಿದ್ದ.
ದೇಶದ ಲೆಕ್ಕದಲ್ಲಿ ತೊದಲುವ ಯಂತ್ರ
ಅಪ್ಪನ ವಿಷಯದಲ್ಲಿ ಮಾತ್ರ ತೊದಲಲಿಲ್ಲ.
‘ತಪ್ಪಿರಬಹುದೇ?’ ಎಂದು ನನ್ನನ್ನು ಕೇಳಿದ,
ಅಂಚೆಚೀಟಿ ಮಾರುವವಳನ್ನು.
ಅವನ ತಾಯಿ ಬದುಕಿದ್ದಾಳೆ, ತೊಂಬತ್ತಾರು.
ಪ್ರತಿ ಗುರುವಾರ ಅವಳ ಪಿಂಚಣಿ ತಗೊಂಡು ಹೋಗುತ್ತಾನೆ.
ಹೇಳಿಲ್ಲ.

ಹೋದ ಮಾರ್ಚಿನಲ್ಲಿ ಎಲ್ಲರಿಗೂ ಒಂದೇ ಬಗೆಯ ಕಾಗದ:
ಯಾರೋ ಒಳಗೆ ನುಗ್ಗಿದ್ದರು, ವಿಷಾದಿಸುತ್ತೇವೆ,
ದಯವಿಟ್ಟು ಪಾಸ್‌ವರ್ಡ್ ಬದಲಿಸಿ.
ಮ್ಯೂರಿಯಲ್ ಬದಲಿಸಿದಳು. ಬೆಕ್ಕಿನ ಹೆಸರಿತ್ತು,
ಈಗ ಸತ್ತ ಬೆಕ್ಕಿನ ಹೆಸರು.
ಮಿಕ್ಕದ್ದನ್ನು, ಅಜ್ಜಿಯಿಂದ ಬಂದ ಮಂಡಿನೋವನ್ನು,
ಯಾವುದಕ್ಕೆ ಬದಲಿಸುವುದು?
ಕಂಪನಿಯೇ ಮಾರಾಟಕ್ಕಿದೆ ಎಂದು ಗಾಳಿಸುದ್ದಿ.
ಕೊಂಡವರಿಗೆ ಕುರ್ಚಿ ಮೇಜಿನ ಜೊತೆ
ನಮ್ಮ ಜೊಲ್ಲೂ ಸೇರುತ್ತದಾ, ಈನಿಡ್ ಕೇಳಿದಳು.
ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು,
ಗಾದೆ ಕಟ್ಟಿದವರು ಮೂರನೆಯದನ್ನು ಮರೆತಿದ್ದಾರೆ.

ನಾನು ಉಗುಳಲಿಲ್ಲ. ಜಾಣೆ ಅಂದುಕೊಂಡಿದ್ದೆ.
ಭಾನುವಾರ ಲೀಡ್ಸಿನಿಂದ ಶಶಿಪ್ರಭೆಯ ಫೋನು:
‘ಅರವತ್ತು ಪೌಂಡು ಕೊಟ್ಟೆ ಕಣೇ.
ದಕ್ಷಿಣ ಭಾರತ, ನೂರಕ್ಕೆ ನೂರು, ಅಂತ ಬಂತು!’
ನಕ್ಕೆವು. ಫೋನಿಟ್ಟ ಮೇಲೆ ಹೊಳೆಯಿತು.
ದೊಡ್ಡಮ್ಮನ ಮಗಳು. ಅವರ ಪಟ್ಟಿಯಲ್ಲಿ ಕಸಿನ್,
ನನ್ನ ಬಾಯಲ್ಲಿ ಅಕ್ಕ.
ಹದಿನಾರಾಣೆಯಲ್ಲಿ ಎರಡಾಣೆ ನಾನೂ ಆ ಕೊಳವೆಯಲ್ಲಿ ಕೂತು
ಹೋಗಿಯಾಗಿದೆ, ಯಾರೂ ಕೇಳದೆ,
ರಸೀದಿ ಇಲ್ಲದೆ.

ಇವತ್ತು ಮತ್ತೊಂದು ಪೆಟ್ಟಿಗೆ. ಹದಿನೆಂಟರ ಹುಡುಗ,
ಕಿವಿಯಲ್ಲಿ ಏನೋ ಹಾಡು.
‘ಬೆಲೆಬಾಳುವಂಥದ್ದು ಏನಾದರೂ...’
ತಲೆಯಾಡಿಸಿದ, ಇಲ್ಲ ಎಂದು.
ಹಿಂದೆ ಅವನಮ್ಮ ನಿಂತಿದ್ದಳು, ಅದೇ ಕಿವಿ.
ಮುದ್ರೆ ಎತ್ತಿದವಳು ಒಂದು ಗಳಿಗೆ ತಡೆದೆ.
ಸಾಲು ಬೆಳೆಯುತ್ತಿತ್ತು.