ತೊಂಬತ್ತೈದು ಡಿಗ್ರಿ

ರಾತ್ರಿ ಪಾಳಿ. ಹಾಸನದ ಆಸ್ಪತ್ರೆ, ಹಿಂಬದಿಯ ಎರಡನೇ ಮಹಡಿ.
ಫ್ರೀಜರಿನಿಂದ ನಿನ್ನನ್ನು ತೆಗೆದೆ.
ನಿನ್ನನ್ನೆಲ್ಲಿ, ನಿನ್ನ ಒಂದು ಕಿಣ್ವವನ್ನು,
ಹನಿ ಎನ್ನಲೂ ಸಾಲದಷ್ಟು,
ಮಂಜುಗಡ್ಡೆಯ ಮೇಲೆ ಕೂರಿಸಿದೆ.

ಡಬ್ಬಿಯ ಮೇಲೆ ನಿನ್ನ ಊರಿನ ಹೆಸರಿಲ್ಲ.
ಎಲ್ಲೋ ಓದಿದ ನೆನಪು: ಕಡಲ ತಳ ಬಿರಿದು
ಹೊಗೆಯಂಥ ಕರಿನೀರು ಕಕ್ಕುವಲ್ಲಿ ನಿನ್ನ ಒಕ್ಕಲು.
ಬಿಸಿಲು ಕಂಡಿಲ್ಲ, ಬೇಕಾಗಿಯೂ ಇಲ್ಲ.
ಗಂಧಕ ಉಂಡು, ಕುದಿನೀರು ಹೊದ್ದು,
ಬೆಟ್ಟದಷ್ಟು ನೀರಿನ ಭಾರಕ್ಕೆ ಬೆನ್ನು ಕೊಟ್ಟು ಬಾಳಿದವನು.

ನಲವತ್ತು ಡಿಗ್ರಿ ದಾಟಿದರೆ ನಮ್ಮ ಮಕ್ಕಳು ಕಣ್ಣು ಮೇಲೆ ಮಾಡುತ್ತವೆ.
ನಲವತ್ತರಲ್ಲಿ ನೀನು
ಚಳಿಗೆ ಮುದುಡಿ ಮಲಗುತ್ತೀಯಂತೆ.

ಇವತ್ತಿನ ನಳಿಕೆ: ದುದ್ದದ ಕಡೆಯ ಹುಡುಗಿ, ಆರು ವರ್ಷ,
ನಾಲ್ಕು ದಿನದ ಜ್ವರ. ಹೆಸರು ಇಂಚರ.
ಬರೆದವರ ಕೈ ನಡುಗಿದೆ, ರಕಾರ ಗೆರೆಯಿಂದಾಚೆ ಬಿದ್ದಿದೆ.

ಯಂತ್ರ ತೊಂಬತ್ತೈದಕ್ಕೇರಿತು.
ನಮ್ಮ ಮೈಯದಾಗಿದ್ದರೆ ಇಷ್ಟೊತ್ತಿಗೆ
ಮೊಟ್ಟೆಯ ಬಿಳಿಯಂತೆ ಹೆಪ್ಪಾಗುತ್ತಿತ್ತು.
ನೀನು ಸುಮ್ಮನೆ ತಡೆದುಕೊಂಡೆ; ಕಾವು ತುಸು ಇಳಿದದ್ದೇ
ಕೆಲಸಕ್ಕೆ ಕೂತೆ.
ಒಂದು ಎರಡಾಯಿತು, ಎರಡು ನಾಲ್ಕು,
ಆಮೇಲೆ ಎಣಿಕೆಯಲ್ಲ,
ಊರಲ್ಲಿ ಸುದ್ದಿ ಹಬ್ಬಿದ ಹಾಗೆ.

ಕಾಯುವಾಗ ಅಪ್ಪ ನೆನಪಾಗುತ್ತಾನೆ.
ನುಗ್ಗೇಹಳ್ಳಿ ಕಡೆಯ ಕ್ರೋಮೈಟ್ ಗಣಿಯಲ್ಲಿ ಇಪ್ಪತ್ತು ವರ್ಷ.
ಒಂದು ಸಂಜೆ ಟಿಫನ್ ಕ್ಯಾರಿಯರಿನಲ್ಲಿ ಕಲ್ಲು ತಂದ,
ಕಪ್ಪುಹಸಿರು, ಹಾವಿನ ಮೈಯ ನುಣುಪು.
'ಗಣಿ ನೋಡಕ್ಕೆ ಬಂದಿದ್ದ ಮೇಷ್ಟ್ರು ಅಂದ್ರು,
ಇದು ಸಮುದ್ರದಡಿ ಉಕ್ಕಿದ ಬೆಂಕಿಯಂತೆ ಕಣವ್ವ.
ನಮ್ಮೂರೆಲ್ಲ ಸಮುದ್ರವಂತೆ!'
ಅವ್ವ ಒಲೆಯಿಂದ ತಲೆ ಎತ್ತಲಿಲ್ಲ:
'ಮತ್ತೆ ಉಪ್ಪು ಯಾಕೆ ದುಡ್ಡು ಕೊಟ್ಟು ತತ್ತೀಯ?'
ಜಾರಿದ ಕೆಂಡವನ್ನು ಬರಿಬೆರಳಲ್ಲಿ ಎತ್ತಿ ಒಳಗೆ ನೂಕಿದಳು.
ಆ ಕಲ್ಲು ಈಗಲೂ ಹಿಂದಿನ ಬಾಗಿಲಿಗೆ ಒತ್ತು.

ನಿನ್ನ ಕಡೆಯವರು ಅಲ್ಲಿದ್ದರೋ ಇಲ್ಲವೋ,
ಕಲ್ಲು ಬಾಯಿ ಬಿಡುವುದಿಲ್ಲ.
ಆದರೂ ನಂಟು ಹೇಳಿಕೊಂಡು ಬಂದವರಿಗೆ
ನಾವು ಎಲೆ ಹಾಕುವ ಜನ.
ನೀನು ಉಣ್ಣುವುದು ನಮ್ಮಲ್ಲಿಲ್ಲ, ಅಷ್ಟೇ.

ಮೂರು ಹತ್ತು. ಪರದೆಯ ಮೇಲೆ ಮಲಗಿದ್ದ ಗೆರೆ
ತಲೆ ಎತ್ತಿತು, ನಿಂತಿತು.
ಡೆಂಗ್ಯೂ. ಬರೆದುಕೊಂಡೆ.
ಉಳಿದ ನಿನ್ನನ್ನು ಮತ್ತೆ ಚಳಿಗೆ ನೂಕಿ ಬಾಗಿಲು ಹಾಕಿದೆ,
ತಪ್ಪು ಮಾಡಿದವಳ ಹಾಗೆ, ಮೆಲ್ಲಗೆ.

ವಾರ್ಡಿನ ಫೋನು ಒಂದೇ ಸಮ ಬಡಿದುಕೊಳ್ಳುತ್ತಿದೆ.
ಯಾರೂ ಎತ್ತುತ್ತಿಲ್ಲ.
ಚೀಟಿ ಹಿಡಿದು ಮೆಟ್ಟಿಲಿಳಿಯುತ್ತೇನೆ.