ಕೊಡೆಯ ಬಟ್ಟೆ

ಬೆಳಕು ಬಿದ್ದರೆ ಕೆಡುತ್ತದೆ ಈ ಔಷಧ, ಅಂದೆ.
ಶೇವಂತಿ ಒಳಗೆ ಹೋಗಿ
ಕಡ್ಡಿ ಮುರಿದ ಕೊಡೆಯ ಕಪ್ಪು ಬಟ್ಟೆ ಬಿಚ್ಚಿ ತಂದಳು.
ಬಲೆ ತೂಗುಹಾಕುತ್ತಿದ್ದ ಮೊಳೆಗೆ ಬಾಟಲಿ,
ಬಾಟಲಿಯ ಮೇಲೆ ಬಟ್ಟೆ.
ಬೈತಖೋಲದ ಆ ಕೋಣೆಯಲ್ಲಿ
ನಡುಮಧ್ಯಾಹ್ನ ಒಂದು ಸಣ್ಣ ರಾತ್ರಿ ತೂಗಿತು.

ಸೀಸೆಗಳು ವಾಸ್ಕೋದಿಂದ ಬಂದಿದ್ದವು.
ಗಣಬಾನ ಭಾವಮೈದುನ ಮೀನಿನ ಪೆಟ್ಟಿಗೆಯಲ್ಲಿ
ಐಸಿನ ನಡುವೆ ಹುಗಿದು ತಂದಿದ್ದ.
ಲೇಬಲ್ಲಿಗೆ ಅಂಟಿದ ಬಂಗಡೆಯ ಹುರುಪೆ.
ಚೀಟಿಯಲ್ಲಿ: ಸಿ ವಿಟಮಿನ್, ಇಪ್ಪತ್ತೈದು ಗ್ರಾಂ, ವಾರಕ್ಕೆ ಎರಡು ಸಲ.
ಸಿವಿಲ್ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ
ಮಿಲಿಗ್ರಾಮಿನಲ್ಲಿ ಬದುಕಿದವಳು ನಾನು.
ಗ್ರಾಂ ಎಂಬುದು ನಮಗೆ ಕಿರಾಣಿ ಅಂಗಡಿಯ ಮಾತು.

ಮಣಿಪಾಲದ ಡಾಕ್ಟರಿಗೆ ಫೋನು ಮಾಡಿದೆ.
ಗುಣವಾಗುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ ಸಿಸ್ಟರ್,
ಕಿಡ್ನಿ ನೋಡಿಕೊಳ್ಳಿ, ಅಂದರು.
ಸ್ವಲ್ಪ ತಡೆದು, ಇಲ್ಲಿಯ ಚಿಕಿತ್ಸೆ ಮಾತ್ರ ಬಿಡಿಸಬೇಡಿ, ಅಂದರು.
ಅಷ್ಟನ್ನೂ ಶೇವಂತಿಗೆ ಕೊಂಕಣಿಯಲ್ಲಿ ಹೇಳಿದೆ, ಎರಡು ಸಲ.
ಅವಳು ತಲೆಯಾಡಿಸುತ್ತಲೇ
ಅವನ ಅಂಗಿಯ ತೋಳು ಮಡಚಿದಳು.

ನಿಮಿಷಕ್ಕೆ ನಲವತ್ತು ಹನಿ.
ಗಣಬಾ ತಾಂಡೇಲ ಸರಕು ಹಡಗಿನಲ್ಲಿ ಅಡುಗೆ ಮಾಡಿಕೊಂಡಿದ್ದವನು.
ಎಣಿಸುವ ನನಗೆ ಲೆಕ್ಕ ತಪ್ಪಿಸಿ ಕತೆ ಹೇಳುತ್ತಾನೆ:
ಹಿಂದೆ ಹಾಯಿಹಡಗಿನವರ ಒಸಡು ಕೊಳೆತು
ಹಲ್ಲು ಅಂಗೈಗೆ ಉದುರುತ್ತಿತ್ತಂತೆ,
ಮಾಸಿದ ಗಾಯ ಮತ್ತೆ ಬಾಯಿ ಬಿಡುತ್ತಿತ್ತಂತೆ,
ನಿಂಬೆ, ಸಿಸ್ಟರ್‌ಬಾಯಿ, ಬರೀ ನಿಂಬೆ ಸಾಕಾಯಿತಂತೆ.
ನಿಜ. ಆದರೆ ಗಣಬಾ,
ಅದು ಇಲ್ಲದ್ದರಿಂದ ಬಂದ ರೋಗ.
ನಿನ್ನ ಹೊಟ್ಟೆಯಲ್ಲಿರುವುದು
ಸಾಕು ಅನ್ನುವುದನ್ನೇ ಕಲಿಯದ್ದು.
ಇದನ್ನು ಹೇಳಲಿಲ್ಲ. ಪ್ಲಾಸ್ಟರು ಸರಿಪಡಿಸಿದೆ.

ಮೂರನೆಯ ಬಾಟಲಿಯ ದಿನ
ನಾನು ಕೈತೊಳೆಯಲು ಹಿತ್ತಲಿಗೆ ಹೋದಾಗ
ಮಗಳು ಅವನ ಬೆರಳು ಚುಚ್ಚಿ ಸಕ್ಕರೆ ನೋಡಿದಳು.
ನಾನೂರ ಹದಿನೆಂಟು!
ಮನೆಗೆ ಮನೆಯೇ ಎದ್ದು ನಿಂತಿತು.
ಶೇವಂತಿ ಇನ್ಸುಲಿನ್ ಎಳೆದುಕೊಂಡಾಗಿತ್ತು,
ಸೂಜಿ ಹೊಟ್ಟೆಯಿಂದ ಒಂದು ಬೆರಳು ದೂರ.
ಮಣಿಕಟ್ಟು ಹಿಡಿದೆ.
ತಡಿ. ಸಕ್ಕರೆ ಅಲ್ಲ ಅದು.
ಈ ಯಂತ್ರಕ್ಕೆ ತಿಳಿಯುವುದಿಲ್ಲ,
ರಕ್ತದಲ್ಲಿ ಇಷ್ಟು ಹುಳಿ ಕಂಡರೆ ಸಿಹಿ ಎಂದು ಬರೆಯುತ್ತದೆ.
ನೀನೀಗ ಚುಚ್ಚಿದ್ದರೆ...
ಮುಂದಿನದು ಬಾಯಿಗೆ ಬರಲಿಲ್ಲ.
ರಕ್ತ ತೆಗೆದು ಆಟೋದಲ್ಲಿ ಲ್ಯಾಬಿಗೆ ಕಳಿಸಿದೆವು.
ನೂರ ಮೂವತ್ತೊಂದು.
ಗಣಬಾ ನಕ್ಕ, ಕೆಮ್ಮು ಬರುವವರೆಗೆ ನಕ್ಕ.
ಮದುವೆಯ ಹೊಸದರಲ್ಲಿ ಇವಳು ಬಿಂಬಲಕಾಯಿ ಸುರಿದ ಸಾರು ಬಡಿಸಿದಾಗ
ನಾನೂ ಹಾಗೇ ಓದಿದ್ದೆ, ಅಂದ.
ಶೇವಂತಿ ನಗಲಿಲ್ಲ.
ಸಿರಿಂಜನ್ನು ನೋಡುತ್ತಲೇ ಇದ್ದಳು.

ಏಳನೆಯದು ಮುಗಿದ ಸಂಜೆ ಅವನು
ಸೋಲಕಡಿಯಲ್ಲಿ ಕಲಸಿದ ಅನ್ನ ನಾಲ್ಕು ತುತ್ತು ತಿಂದ.
ನೋಡಿದಿರಾ? ಅಂದ ಭಾವಮೈದುನ.
ನೋಡಿದೆ.
ಔಷಧವೋ, ಬಾಟಲಿಯ ನೀರೋ,
ವಾರಕ್ಕೆರಡು ಸಲ ಎರಡೆರಡು ತಾಸು
ಒಬ್ಬರು ಪಕ್ಕದಲ್ಲಿ ಕೂತು ಹನಿ ಎಣಿಸುವುದೋ.
ಡೈರಿಯಲ್ಲಿ ನಾಲ್ಕು ತುತ್ತು ಎಂದಷ್ಟೇ ಬರೆದೆ.

ಹತ್ತನೆಯದಕ್ಕೆ ನರ ಸಿಗಲಿಲ್ಲ.
ಎಡಗೈ, ಬಲಗೈ, ಪಾದ.
ಬಿಡಿ ಬಾಯಿ, ಅಂದ ಅವನೇ,
ಲಂಗರು ಕಚ್ಚುತ್ತಿಲ್ಲ.

ಉಳಿದ ಮೂರು ಸೀಸೆ ಅಂಕೋಲೆಯ ಯಾರಿಗೋ ಹೋದವಂತೆ.
ನನಗೆ ಫೋನು ಬಂತು. ಅವರು ಫೀಸು ಕೇಳಿದರು,
ನಾನು ಕಿಡ್ನಿಯ ರಿಪೋರ್ಟು ಕೇಳಿದೆ.

ಮೊನ್ನೆ ಮೀನುಪೇಟೆಯಲ್ಲಿ ಶೇವಂತಿ.
ಬುಟ್ಟಿಯಲ್ಲಿ ನೊಗಲಿ, ಬಿಸಿಲಿಗೆ ಕೊಡೆ.
ಅದೇ ಬಟ್ಟೆ, ಹೊಸ ಕಡ್ಡಿಗಳಿಗೆ ಹೊಲಿದಿದ್ದಾಳೆ.
ಬಾಟಲಿಯ ಕುತ್ತಿಗೆಗೆ ಬಿಗಿದಲ್ಲಿ ಒಂದು ತೂತು.
ಅದರೊಳಗಿಂದ ಕಾಸಿನಗಲ ಬಿಸಿಲು
ಅವಳ ಹೆಗಲ ಮೇಲೆ ಬಿದ್ದು,
ಅವಳು ಚೌಕಾಸಿ ಮಾಡಿದಂತೆಲ್ಲ
ಅಲುಗುತ್ತಿತ್ತು.