ಮೂವತ್ತೊಂದನೇ ಮೇಜು

ಮೊದಲು ಉಂಡು ಹೋಗು, ಕುಮುದಾ.
ಪುಳಿಯೋಗರೆಯಲ್ಲ, ಅದರ ಇಂಗು
ಸಂಜೆವರೆಗೂ ಬಾಯಲ್ಲೇ ಬಿಡಾರ ಹೂಡುತ್ತದೆ.
ಎರಡು ತೆಳ್ಳೇವು, ಬೆಣ್ಣೆ. ಸಾಕು.

ಮಲ್ಲಿಗೆ ಮುಡಿಯಬೇಡ.
ಗೊತ್ತು, ಮುಡಿಯದೆ ಹೊಸಿಲು ದಾಟುವವಳಲ್ಲ ನೀನು.
ಆದರೆ ಅಲ್ಲಿ ಮೂಗೇ ಯಜಮಾನ;
ನಿನ್ನ ಒಂದು ಮೊಳ ಹೂವು
ಅಕ್ಕಪಕ್ಕದ ಹತ್ತು ಲೋಟ ಕೆಡಿಸುತ್ತದೆ.
ಬಿಳಿ ಸೀರೆಯೂ ಬೇಡ,
ಆ ಜಂಗುಳಿಯಲ್ಲಿ ಮೊಣಕೈಗಳಿಗೆ ಕಣ್ಣಿರುವುದಿಲ್ಲ.

ಸವಳಂಗ ರಸ್ತೆಯ ಆ ಭವನ,
ಟೈಪಿಸ್ಟ್ ಇಂದುಮತಿಯ ಮಗಳ ಆರತಕ್ಷತೆ ಆಗಿತ್ತಲ್ಲ, ಅದೇ.
ಹನ್ನೊಂದಕ್ಕೆ ಬಾಗಿಲು. ಹತ್ತೂ ಮುಕ್ಕಾಲಿಗೇ ಇರು.
ಮೂರರ ಮೇಲೆ ಸುರಿಯುವವರಿಗೂ ಸಾಕಾಗಿರುತ್ತದೆ;
ಕೇಳಿದ್ದಕ್ಕೆ ಉತ್ತರವಿಲ್ಲ, ಬರೀ ಬಾಟಲಿ ಬಾಗುತ್ತದೆ.

ಎಲ್ಲ ಕುಡಿದೇ ಬರುತ್ತೇನೆಂಬ ಹಟ ಬೇಡ,
ಇದು ಪಂಕ್ತಿ ಊಟವಲ್ಲ, ಎಲೆ ಖಾಲಿ ಮಾಡಲು.
ಬಿಳಿಯದರಿಂದ ಕೆಂಪಿಗೆ, ತೆಳುವಿನಿಂದ ಒಗರಿಗೆ,
ಸಿಹಿ ಕಡೆಗೆ.
ನಡುನಡುವೆ ನೀರು, ಮತ್ತೆ ನೀರು.

ಮತ್ತು ಉಗುಳು. ನಾಚಬೇಡ.
ಸ್ಟೀಲಿನ ಬಕೆಟ್ಟು ಅದಕ್ಕೆಂದೇ ಇಟ್ಟಿರುತ್ತಾರೆ.
ಕವಳದ ಸೀಮೆಯವರಿಗೆ ಇದನ್ನು ಕಲಿಸಬೇಕೇ ಮಾರಾಯ್ತಿ!
ನಮ್ಮ ಜವಾನ ಚೌಡಪ್ಪ ಎರಡನೇ ಮಹಡಿಯ ಕಿಟಕಿಯಿಂದ
ಯಾರ ಸೈಕಲ್ಲಿಗೂ ತಾಗದಂತೆ ಮೋರಿಗೇ ಗುರಿಯಿಡುತ್ತಿದ್ದ.
ಅವತ್ತು ಮಾತ್ರ ಅಡಿಕೆ ಮುಟ್ಟಬೇಡ,
ಅದರ ಚೊಗರು ನಾಲಿಗೆಗೆ ಚಿಲಕ ಹಾಕುತ್ತದೆ.

ಮೂಸುವುದು ನಿನಗೆ ಹೇಳಿಕೊಡುವ ಮಾತಲ್ಲ.
ಅಪ್ಪೆಮಿಡಿಯ ತೊಟ್ಟು ಮುರಿದು, ಸೊನೆಗೆ ಮೂಗು ಹಿಡಿದು,
ಇದು ಜೀರಿಗೆ, ಇದು ಕರ್ಪೂರ, ಇದು ಬರೀ ಸುಳ್ಳು ಎಂದು
ರಿಪ್ಪನ್‌ಪೇಟೆ ಸಂತೆಯಲ್ಲಿ ವ್ಯಾಪಾರಿಯ ಬೆವರಿಳಿಸಿದವಳು.
ಅವರು ಚೆರ್ರಿ ಎಂದರೆ ತಲೆಯಾಡಿಸು;
ನಿನಗೆ ಒದ್ದೆ ಸ್ಲೇಟಿನ ವಾಸನೆ ಬಂದರೆ
ಸ್ಲೇಟು ಅಂತಲೇ ಬರೆದುಕೋ. ಪೆನ್ಸಿಲ್‌ನಲ್ಲಿ.
ಐದನೇ ಲೋಟದ ಹೊತ್ತಿಗೆ
ಮೂರನೆಯದರ ಹೆಸರು ಹೋಗಿರುತ್ತದೆ.

ಇಷ್ಟೆಲ್ಲ ಯಾಕೆಂದರೆ
ಹೋದ ವರ್ಷ ನಾನು ಉಗುಳಲಿಲ್ಲ.
ಎಂಟುನೂರು ರೂಪಾಯಿ ಕೊಟ್ಟಿದ್ದೇನೆಂಬ ಲೆಕ್ಕ.
ಮೂವತ್ತೊಂದನೇ ಮೇಜು ಕೈತೊಳೆಯುವ ಬೇಸಿನ್ನಿನ ಪಕ್ಕ.
ಕೊಪ್ಪದ ಕಡೆಯವನಂತೆ, ಹೊಸ ಅಂಗಿಯ ಮಡಿಕೆ ಇನ್ನೂ ಬಿಟ್ಟಿರಲಿಲ್ಲ.
ಮುರುಗಲು ಹಣ್ಣಿನ ವೈನು, ಕೈಬರಹದ ಚೀಟಿ.
ಅಲ್ಲಿವರೆಗೆ ಯಾರೂ ಬಂದಂತಿರಲಿಲ್ಲ.
"ನಾಲ್ಕು ವರ್ಷ ಕೆಟ್ಟೇ ಹೋಯ್ತು, ಇದು ಐದನೇದು"
ಎಂದು ಎರಡೂ ಕೈಯಲ್ಲಿ ಹಿಡಿದು ಕೊಟ್ಟ.
ಅಷ್ಟೊತ್ತಿಗೆ ನನ್ನ ನಾಲಿಗೆ ಹಳೇ ಚಪ್ಪಲಿ.
ಹುಳಿಯೋ ಒಗರೋ, ಏನೂ ತಿಳಿಯಲಿಲ್ಲ.
ಚೆನ್ನಾಗಿದೆ, ಅಂದೆ.
ಅವನು ನನ್ನ ಮುಖ ನೋಡಿದ,
ಆಮೇಲೆ ಬಿರಡೆ ಹಾಕಿದ, ನಿಧಾನ.

ನೀನು ಹಿಂದಿನಿಂದ ಶುರು ಮಾಡು, ಬೇಸಿನ್ನಿನ ಕಡೆಯಿಂದ.
ಬಿಳಿ ಕೆಂಪಿನ ಕ್ರಮ ಕೆಟ್ಟರೆ ಕೆಡಲಿ.
ಅವನಿದ್ದರೆ ನನ್ನ ಸುದ್ದಿ ಎತ್ತಬೇಡ.
ರುಚಿ ಹೇಗಿತ್ತೆಂದು ಬಂದು ನನಗೆ ಹೇಳು.

ಸ್ಕೂಟಿ ಒಯ್ಯಬೇಡ.
ಆಟೋಗೆ ಚಿಲ್ಲರೆ ಇಟ್ಟುಕೋ.